ಹನ್ನೊಂದನೇ ನಂಬರಿನ ಮನೆ

ಮೊದಲು ಕೈ ಜೇಬಿಗೆ.
ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಕಲಿತದ್ದು ಇಷ್ಟೇ,
ಮೊದಲ ದಿನ ಕಲಿಸುವುದೂ ಇಷ್ಟೇ:
ಬಾಗಿಲಲ್ಲೇ ನಿಲ್ಲು. ನೋಡು.
ಕಣ್ಣು ದಣಿದ ಮೇಲೆ ಇನ್ನೊಮ್ಮೆ ನೋಡು.

ಗ್ರಿಮ್ಸ್‌ಬಿ ಬಂದರಿನ ಹಿಂದಿನ ಓಣಿಯಲ್ಲಿ
ಭುಜಕ್ಕೆ ಭುಜ ತಾಗಿಸಿ ನಿಂತ ಇಟ್ಟಿಗೆ ಮನೆಗಳು.
ಹನ್ನೊಂದನೆಯದು ಪೊಲೀಸ್ ತರಬೇತಿಗೆ.
ಇಲ್ಲಿ ಪ್ರತಿ ಸೋಮವಾರ ಒಂದು ಕೊಲೆ.
ಸಾಯುವವನು ಯಾವಾಗಲೂ ನಾರ್ಮನ್,
ಪ್ಲಾಸ್ಟಿಕ್ಕಿನವನು, ಎಡಗಾಲಿಗೆ ಸಾಕ್ಸಿಲ್ಲ.
ರಕ್ತ ನಾನೇ ಕಾಯಿಸುತ್ತೇನೆ ಅಡುಗೆಮನೆಯಲ್ಲಿ:
ಸಕ್ಕರೆ ಪಾಕ, ಕೆಂಪು ಬಣ್ಣ, ಚಿಟಿಕೆ ಕೋಕೋ.
ಬೇಸಿಗೆಯಲ್ಲಿ ಇರುವೆ ಬರುತ್ತವೆ.
ಅವನ್ನೂ ಬರೆದುಕೊಳ್ಳಿ ಎನ್ನುತ್ತೇನೆ.

ಈ ಸಲ ಒಂಬತ್ತು ಮಂದಿ.
ಟೀವಿ ನೋಡಿ ಬಂದವರೇ ಹೆಚ್ಚು;
ಬಂದೂಕು ಯಾವಾಗ ಕೊಡುತ್ತೀರಿ ಎಂದವನೊಬ್ಬ.
ಸಂಬಳ ಎಷ್ಟು ಎಂದು ಕೇಳಿದ್ದು ಯೂರಾತೆ ಒಬ್ಬಳೇ.
ಹೇಳಿದೆ. ಮೀನಿನ ಕಾರ್ಖಾನೆಗಿಂತ ತುಸುವೇ ಹೆಚ್ಚು,
ಮೇಲೆ ಅಪರಾತ್ರಿಯ ಕರೆ, ವಕೀಲರ ಬಾಯಿ, ವಾಸನೆ.
"ವಾಸನೆ ಬಿಡಿ," ಎಂದಳು,
ಲಿಥುವೇನಿಯಾದಿಂದ ಬಂದು
ಹದಿನಾಲ್ಕು ವರ್ಷ ಕಾಡ್ ಮೀನು ಸೀಳಿದವಳು.

ನಿಯಮದಂತೆ ಎಲ್ಲರ ಬೆರಳಚ್ಚು ತೆಗೆದೆವು.
ನಾವು ಬಿಟ್ಟದ್ದನ್ನು ಕಳ್ಳನ ತಲೆಗೆ ಕಟ್ಟಬಾರದಲ್ಲ.
ಅವಳ ಹತ್ತು ಬೆರಳೂ ಹತ್ತು ಬೂದು ಮೋಡ.
ಉಪ್ಪು, ಮಂಜುಗಡ್ಡೆ, ಚೂರಿಯ ಹಿಡಿ
ಗೆರೆಗಳನ್ನು ತಿಂದು ಮುಗಿಸಿದ್ದವು.
ಕಳ್ಳತನಕ್ಕೆ ಹೇಳಿ ಮಾಡಿಸಿದ ಕೈ ಎಂದು ಯಾರೋ ನಕ್ಕರು.
ಅವಳೂ ನಕ್ಕಳು. ಆಮೇಲೆ
ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು,
ಸಂತೆಯ ಜಂಗುಳಿಯಲ್ಲಿ
ಗುರುತಿನವರೊಬ್ಬರನ್ನು ಹುಡುಕುವ ಹಾಗೆ.

ಬುಧವಾರ ಕುಂಚ ಕೊಟ್ಟೆ, ಪುಡಿ ಕೊಟ್ಟೆ.
ಗೋಡೆಗೆ ಸುಣ್ಣ ಬಳಿಯುವುದಲ್ಲ ಇದು;
ಬೂದಿಯಲ್ಲಿ ಕೆಂಡ ಉಳಿದಿದೆಯೇ ಎಂದು
ಊದಿ ನೋಡುವಷ್ಟು, ಅಷ್ಟೇ.
ಎಂಟು ಮಂದಿ ನಾನಿಟ್ಟದ್ದನ್ನೇ ಹುಡುಕಿದರು:
ಲೋಟ, ಚಿಲಕ, ಮೇಜಿನ ಅಂಚು.
ಯೂರಾತೆ ಕಿಟಕಿಯ ಕೆಳಗೆ ಮಂಡಿಯೂರಿದ್ದಳು.
"ಇದು ಸಣ್ಣದು," ಎಂದಳು.

ಹೌದು, ಸಣ್ಣದು.
ಎಂದೋ ಹಸಿ ಬಣ್ಣಕ್ಕೆ ಒತ್ತಿದ ನಾಲ್ಕು ಬೆರಳು,
ಒಂದೊಂದೂ ನನ್ನ ಕಿರುಬೆರಳಿನ ಉಗುರಿನಷ್ಟು.
ಆರು ವರ್ಷದಿಂದ ಇದೇ ಕೋಣೆಯಲ್ಲಿ
ನೋಡು ನೋಡು ಎಂದು ಗಂಟಲು ಹರಿದುಕೊಂಡವರು ನಾವು;
ಕೈಯ ಜೊತೆ ಕಣ್ಣನ್ನೂ ಜೇಬಿಗೆ ಹಾಕಿದ್ದೆನೋ ಏನೋ.

"ಇದು ಪಾಠದಲ್ಲಿಲ್ಲ," ಎಂದೆ.
"ಮನೆಯಲ್ಲಿದೆ," ಎಂದಳು.

ಬರೆದಳು, ದುಂಡಗೆ, ತನಗೆ ಪರಭಾಷೆಯಾದ ಇಂಗ್ಲಿಷಿನಲ್ಲಿ:
ಹನ್ನೊಂದು ನಲವತ್ತು. ಕಿಟಕಿ ಚೌಕಟ್ಟು, ನೆಲದಿಂದ ಅರವತ್ತೊಂದು ಸೆಂಟಿಮೀಟರ್.
ಮಗುವಿನದು. ಹಳೆಯದು.
ನಾರ್ಮನ್‌ಗೂ ಇದಕ್ಕೂ ಸಂಬಂಧ: ತಿಳಿದಿಲ್ಲ.

ತಿಳಿದಿಲ್ಲ.
ಈ ಒಂದು ಮಾತು ಕಲಿಸಲು ಕೆಲವರಿಗೆ ಮೂರು ವರ್ಷ ಬೇಕು.
ನನಗೆ ಇನ್ನೂ ಹೆಚ್ಚು ಬೇಕಾಯಿತು.
ಲಿಂಕನ್ನಿನ ಕೋರ್ಟಿನಲ್ಲಿ ಒಮ್ಮೆ,
ಒಂದು ಬೂಟಿನ ಅರ್ಧ ಗುರುತಿನ ಬಗ್ಗೆ,
ನಾನು "ಬಹುಶಃ" ಎಂದಿದ್ದೆ.
ಕಟಕಟೆಯಲ್ಲಿ ಹತ್ತೊಂಬತ್ತರ ಹುಡುಗ,
ಅವನ ಅಜ್ಜಿ ಹಿಂದಿನ ಸಾಲಿನಲ್ಲಿ ಬ್ಯಾಗು ಅವಚಿಕೊಂಡು.
ಆ ಬೂಟು ಅವನದೇ ಇದ್ದಿರಬಹುದು.
ಇದ್ದಿರಬಹುದು, ನೋಡಿ, ಈಗಲೂ.

ನಾನಿಟ್ಟ ಐದು ಗುರುತಿನಲ್ಲಿ
ಯೂರಾತೆಗೆ ಸಿಕ್ಕಿದ್ದು ನಾಲ್ಕು.
ಶೌಚಾಲಯದ ಗುಂಡಿ ಮರೆತಿದ್ದಳು.
ಐದಕ್ಕೆ ನಾಲ್ಕೇ ಕೊಟ್ಟೆ.
ಅವಳೂ ತಕರಾರು ಮಾಡಲಿಲ್ಲ.

ಎಲ್ಲರೂ ಹೋದ ಮೇಲೆ ಪಾಕ ಒರೆಸಿದೆ.
ನಾರ್ಮನ್‌ನನ್ನು ಎತ್ತಿ ಬೀರುವಿನೊಳಗೆ ನಿಲ್ಲಿಸಿದೆ.
ಆಮೇಲೆ ಕಿಟಕಿಯ ಮುಂದೆ, ಕೈ ಜೇಬಲ್ಲಿಟ್ಟೇ,
ಮಂಡಿಯೂರಿದೆ.
ಆ ಎತ್ತರದಿಂದ ಕಂಡದ್ದು:
ಎದುರು ಮನೆಯ ಬಾಗಿಲಿನ ಕೆಳಗಿನ ಅರ್ಧ,
ಹಸಿರು ಕಸದ ಡಬ್ಬಿ,
ಅದರ ಮೇಲೊಂದು ಕಡಲಹಕ್ಕಿ, ಒಂಟಿಕಾಲಲ್ಲಿ.
ಬರೆದುಕೊಂಡೆ.